ಊರಿನ ತೀರ್ಮಾನ ಯಾರದು? ಜರ್ಮನಿಯ ಸಣ್ಣ ಹಳ್ಳಿಗಳ ಒಂದು ಸಮೀಕ್ಷೆ

ಮೋಡ್ಲಾರಾಯ್ಟ್ ಎಂಬ ಜರ್ಮನ್ ಊರಿನಲ್ಲಿ ಇವತ್ತು ಇರುವವರು ನಲವತ್ತು ಐವತ್ತು ಜನ. ಊರ ನಡುವೆ ಟಾನ್‌ಬಾಖ್ ಎಂಬ ತೊರೆ ಹರಿಯುತ್ತದೆ. ಉದ್ದ ಕಾಲಿನವರಾದರೆ ಒಂದೇ ನೆಗೆತಕ್ಕೆ ದಾಟಿಬಿಡಬಹುದು, ಅಷ್ಟು ಸಣ್ಣದು. ಈ ತೊರೆ ಗಡಿಯಾದದ್ದು ನಿನ್ನೆ ಮೊನ್ನೆಯಲ್ಲ. 1810ರಲ್ಲೇ ಅದರ ದಂಡೆಗುಂಟ ಗಡಿಕಲ್ಲು ನೆಟ್ಟರು. ಒಂದು ಬದಿಗೆ ಬವೇರಿಯಾ ರಾಜ್ಯ, ಇನ್ನೊಂದು ಬದಿಗೆ ರಾಯ್ಸ್ ಎಂಬ ಚಿಕ್ಕ ಸಂಸ್ಥಾನ. ಊರವರು ಮಾತ್ರ ಆ ಕಲ್ಲುಗಳನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಶಾಲೆ ಮತ್ತು ಬಿಯರ್ ಅಂಗಡಿ ರಾಯ್ಸ್ ಬದಿಗಿದ್ದವು, ಚರ್ಚು ಬವೇರಿಯಾದ ಟ್ಯೋಪನ್‌ನಲ್ಲಿತ್ತು. ಹೀಗಾಗಿ ಮಕ್ಕಳ ಪಾಠ ಆ ಕಡೆ, ಭಾನುವಾರದ ಪ್ರಾರ್ಥನೆ ಈ ಕಡೆ, ಸಂಜೆಯ ಹರಟೆ ಮತ್ತೆ ಆ ಕಡೆ. ಇಬ್ಬರು ದೊರೆಗಳಿದ್ದರೂ ಊರು ಒಂದೇ ಆಗಿತ್ತು. ಅದೇ ಗಡಿ ನೂರೈವತ್ತು ವರ್ಷಗಳ ಮೇಲೆ ಊರನ್ನು ಸೀಳಿಹಾಕಿತು. ಆ ಕಥೆಗೆ ಮುಂದೆ ಬರುತ್ತೇನೆ.

ಜರ್ಮನಿಯ ಹಳ್ಳಿಗಳ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಎರಡು ರಾಗದವು. ಒಂದರಲ್ಲಿ ಗಂಟೆ ಗೋಪುರ, ಕಿಟಕಿಯಲ್ಲಿ ಹೂಕುಂಡ, ಕುಣಿಯುವ ಜನ. ಇನ್ನೊಂದರಲ್ಲಿ ಮುಚ್ಚಿದ ಶಾಲೆ, ಬೀಗ ಬಿದ್ದ ಅಂಗಡಿ, ಮುದುಕರು. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಊರು ಬರೀ ನೋಡುವ ಚಿತ್ರ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ: ಊರಿನ ವಿಚಾರವನ್ನು ಯಾರು ತೀರ್ಮಾನ ಮಾಡುತ್ತಿದ್ದರು? ಊರಿನ ದುಡ್ಡು, ನೆಲ, ನೀರು, ಬೆಂಕಿ, ಹಬ್ಬ ಇವುಗಳ ಲಗಾಮು ಯಾರ ಕೈಯಲ್ಲಿತ್ತು? ಐನೂರು ವರ್ಷಗಳ ಕಥೆಯನ್ನು ಈ ಪ್ರಶ್ನೆ ಹಿಡಿದು ಓದಿದರೆ, ಅಂಗಡಿ ಮುಚ್ಚಿದ್ದಕ್ಕಿಂತ ಅಧಿಕಾರ ಕೈತಪ್ಪಿದ್ದೇ ಊರುಗಳಿಗೆ ಹೆಚ್ಚು ಪೆಟ್ಟು ಕೊಟ್ಟಿದೆ ಎಂದು ಕಾಣುತ್ತದೆ.

ಮಧ್ಯಯುಗದ ಹಳ್ಳಿಯಲ್ಲಿ ರೈತ ತನ್ನ ಹೊಲದಲ್ಲೂ ತನ್ನಿಷ್ಟದಂತೆ ಬಿತ್ತುವ ಹಾಗಿರಲಿಲ್ಲ. ಊರ ಬಯಲನ್ನು ಮೂರು ಭಾಗ ಮಾಡುತ್ತಿದ್ದರು: ಒಂದರಲ್ಲಿ ಚಳಿಗಾಲದ ಬೆಳೆ, ಒಂದರಲ್ಲಿ ಬೇಸಿಗೆಯ ಬೆಳೆ, ಒಂದು ಬೀಳು. ಪ್ರತಿ ಮನೆಗೂ ಮೂರೂ ಭಾಗದಲ್ಲಿ ಉದ್ದನೆಯ ಪಟ್ಟಿಗಳು. ಹೊಲಕ್ಕೆ ಹೋಗಲು ಬೇರೆ ದಾರಿ ಇಲ್ಲದ ಕಾರಣ ಎಲ್ಲರೂ ಒಟ್ಟಿಗೇ ಬಿತ್ತಬೇಕು, ಒಟ್ಟಿಗೇ ಕೊಯ್ಯಬೇಕು. ಕೊಯ್ಲಾದ ಮೇಲೆ ಊರ ದನ ಒಟ್ಟಿಗೇ ನುಗ್ಗಬೇಕು. ಇದರ ಜೊತೆಗೆ ಆಲ್‌ಮೆಂಡೆ ಎಂಬ ಊರೊಟ್ಟಿನ ಹುಲ್ಲುಗಾವಲು ಮತ್ತು ಕಾಡು, ನಮ್ಮ ಗೋಮಾಳದಂಥದ್ದು. ಅಲ್ಲಿ ಯಾರು ಎಷ್ಟು ಹಂದಿ ಮೇಯಿಸಬಹುದು, ಎಷ್ಟು ಸೌದೆ ತರಬಹುದು ಎಂಬುದಕ್ಕೆಲ್ಲ ಕಟ್ಟಳೆ. ಹಳ್ಳಿಯ ಒಗ್ಗಟ್ಟು ಎಂದು ನಾವು ಕೊಂಡಾಡುವುದರ ಬುಡದಲ್ಲಿ ಪ್ರೀತಿಗಿಂತ ಈ ಕಟ್ಟುಪಾಡು ಇತ್ತು. ನೆರೆಯವನ ಮೇಲೆ ಎಷ್ಟೇ ಹಗೆ ಇರಲಿ, ಅವನು ಬಿತ್ತುವ ದಿನವೇ ನೀನೂ ಬಿತ್ತಬೇಕು.

ಈ ಕಟ್ಟುಪಾಡಿನ ಮೇಲೆ ಧಣಿಗಳ ಹೊರೆ ಕುಳಿತಿತ್ತು. ಚರ್ಚಿಗೆ ಹತ್ತನೇ ಒಂದು ಪಾಲು, ಧಣಿಗೆ ಬಿಟ್ಟಿ ದುಡಿಮೆ, ಮನೆ ಯಜಮಾನ ಸತ್ತರೆ ಅವನ ಒಳ್ಳೆಯ ದನ. ಹದಿನೈದನೇ ಶತಮಾನದ ಕೊನೆಗೆ ಧಣಿಗಳು ಊರೊಟ್ಟಿನ ಕಾಡು, ಹೊಳೆಗಳಿಗೂ ಕೈ ಹಾಕತೊಡಗಿದರು. 1525ರ ಮಾರ್ಚಿನಲ್ಲಿ ಮೆಮ್ಮಿಂಗನ್ ಪಟ್ಟಣದಲ್ಲಿ ಸೇರಿದ ರೈತರ ಪರವಾಗಿ ಸಿದ್ಧವಾದ ಹನ್ನೆರಡು ಬೇಡಿಕೆಗಳನ್ನು ಓದಿದರೆ, ಇದು ಬರೀ ಹೊಟ್ಟೆಯ ಬಂಡಾಯವಲ್ಲ ಎಂದು ಗೊತ್ತಾಗುತ್ತದೆ. ಮೊದಲ ಬೇಡಿಕೆಯೇ ತಮ್ಮ ಊರಿನ ಪಾದ್ರಿಯನ್ನು ತಾವೇ ಆರಿಸಬೇಕು, ಸರಿಯಿಲ್ಲದಿದ್ದರೆ ತಾವೇ ಇಳಿಸಬೇಕು ಎಂಬುದು. ಜೀತ ಹೋಗಬೇಕು, ಮೀನು, ಬೇಟೆ, ಸೌದೆಯ ಹಕ್ಕು ಬರಬೇಕು, ಕಿತ್ತುಕೊಂಡ ಊರ ಹುಲ್ಲುಗಾವಲು ಹಿಂದಿರುಗಬೇಕು ಎಂಬವು ಆಮೇಲೆ ಬರುತ್ತವೆ. ಅದೇ ವರ್ಷ ಮೇ 15ರಂದು ಫ್ರಾಂಕನ್‌ಹೌಸನ್‌ನಲ್ಲಿ ಪಾದ್ರಿ ಥೋಮಸ್ ಮ್ಯುಂಟ್ಸರ್‌ನ ರೈತ ಪಡೆಯನ್ನು ರಾಜರ ಸೈನ್ಯ ಕೊಚ್ಚಿಹಾಕಿತು. ಆ ಇಡೀ ಯುದ್ಧದಲ್ಲಿ ಸತ್ತವರು 70,000ದಿಂದ 1 ಲಕ್ಷ ಎಂದು ಇತಿಹಾಸಕಾರರ ಅಂದಾಜು. ಆ ಬೇಡಿಕೆಗಳಲ್ಲಿ ಎಷ್ಟೋ ಕಾನೂನಾಗಲು ಮುನ್ನೂರು ವರ್ಷ ಕಾಯಬೇಕಾಯಿತು. ಪ್ರಷ್ಯಾದಲ್ಲಿ ಜೀತಪದ್ಧತಿಯನ್ನು ತೆಗೆದುಹಾಕುವ ಆಜ್ಞೆ ಹೊರಟದ್ದು 1807ರಲ್ಲಿ.

ಜೀತ ಹೋಯಿತು, ಸಾಲ ಬಂತು. ಬಿಡುಗಡೆಗೆ ರೈತ ಬೆಲೆ ತೆರಬೇಕಿತ್ತು. ಊರೊಟ್ಟಿನ ನೆಲವನ್ನು ಪಾಲು ಮಾಡಿ ಹಂಚಿದಾಗ ದೊಡ್ಡವರಿಗೆ ದೊಡ್ಡ ಪಾಲು ಸಿಕ್ಕಿತು, ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದವನಿಗೆ ಮೇವಿನ ಜಾಗವೂ ಇಲ್ಲವಾಯಿತು. ನೈಋತ್ಯ ಜರ್ಮನಿಯಲ್ಲಿ ಮಕ್ಕಳಿಗೆಲ್ಲ ಸಮಪಾಲು ಮಾಡುವ ವಾಡಿಕೆ. ಎರಡು ಮೂರು ತಲೆಮಾರಿಗೆ ಹೊಲ ಪಟ್ಟಿ ಪಟ್ಟಿಯಾಗಿ ಹರಿದುಹೋಯಿತು. ಉತ್ತರದಲ್ಲಿ ಇಡೀ ಜಮೀನು ಒಬ್ಬ ಮಗನಿಗೆ; ಉಳಿದವರು ಅವನ ಆಳುಗಳಾಗಬೇಕು ಇಲ್ಲವೇ ಊರು ಬಿಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕದ ಹಡಗು ಹತ್ತಿದ್ದಕ್ಕೆ ಅರ್ಧ ಕಾರಣ ಈ ಪಾಲಿನ ಲೆಕ್ಕದಲ್ಲೇ ಸಿಗುತ್ತದೆ.

ಇಲ್ಲೇ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಬರುವುದು. ಹುಟ್ಟಿದ್ದು 1818ರಲ್ಲಿ, ಸೀಗ್ ನದಿಯ ಹಾಮ್ ಎಂಬಲ್ಲಿ. ಕಣ್ಣಿನ ತೊಂದರೆಯಿಂದ ಸೈನ್ಯದ ಕೆಲಸ ಬಿಟ್ಟು 1845ರಲ್ಲಿ ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೈಯರ್‌ಬುಶ್‌ಗೆ ಮೇಯರ್ ಆಗಿ ಬಂದ. ಮರುವರ್ಷವೇ ಬೆಳೆ ಕೈಕೊಟ್ಟಿತು. 1846–47ರ ಚಳಿಗಾಲ ಜರ್ಮನಿಯ ಹಳ್ಳಿಗಳಿಗೆ ಹಸಿವಿನ ಕಾಲ. ಸರ್ಕಾರ ಹಿಟ್ಟು ಕಳಿಸಿತು, ಆದರೆ ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಮಾರಬೇಕೆಂಬ ಷರತ್ತು ಹಾಕಿತು. ರೈಫೈಸನ್ ಷರತ್ತನ್ನು ಬದಿಗಿಟ್ಟು ಸಾಲಕ್ಕೆ ಹಂಚಿದ. ಊರ ಸ್ಥಿತಿವಂತರಿಂದ ಹಣ ಕೂಡಿಸಿ ಬ್ರೆಡ್ ಸಂಘ ಮಾಡಿದ, ಊರಿಗೊಂದು ಒಲೆಮನೆ ಕಟ್ಟಿಸಿ ಪೇಟೆಗಿಂತ ತೀರ ಅಗ್ಗಕ್ಕೆ ಬ್ರೆಡ್ ಕೊಡಿಸಿದ.

ಅಲ್ಲಿಗೆ ಅವನೊಬ್ಬ ದಯಾಳು ಅಧಿಕಾರಿ, ಅಷ್ಟೇ. ಅವನು ದೊಡ್ಡವನಾದದ್ದು ದಾನ ಸಾಲದೆಂದು ಕಂಡುಕೊಂಡಾಗ. 1849ರಲ್ಲಿ ಫ್ಲಾಮರ್ಸ್‌ಫೆಲ್ಟ್‌ನಲ್ಲಿ ಊರಿನ ಅರವತ್ತರಷ್ಟು ಅನುಕೂಲಸ್ಥರು ಜಾಮೀನು ನಿಂತು ಹಣ ಎತ್ತಿ, ಬಡ ರೈತರಿಗೆ ದನ ಕೊಡಿಸುವ ಸಂಘ ಮಾಡಿದರು. ರೈತ ಬಡ್ಡಿ ವ್ಯಾಪಾರಿಯ ಕೈಗೆ ಬೀಳದೆ ಕಂತಿನಲ್ಲಿ ತೀರಿಸಿದ. ಆದರೆ ಕೊಡುವವರು ಒಂದು ಕಡೆ, ಪಡೆಯುವವರು ಒಂದು ಕಡೆ ಇರುವ ಸಂಘದಲ್ಲಿ ಕೊಡುವವರ ಉತ್ಸಾಹ ಬೇಗ ಇಂಗುತ್ತದೆ. ಆ ಅನುಭವದ ಮೇಲೆ 1864ರಲ್ಲಿ ಹೆಡೆಸ್‌ಡೋರ್ಫ್‌ನಲ್ಲಿ ಸಾಲ ಬೇಕಾದವನೇ ಸದಸ್ಯನಾಗಬೇಕೆಂಬ ಸಂಘ ಹುಟ್ಟಿತು. ಕಟ್ಟಳೆಗಳು ಬಿಗಿ: ಸಂಘದ ವ್ಯಾಪ್ತಿ ಒಬ್ಬರನ್ನೊಬ್ಬರು ಬಲ್ಲಷ್ಟೇ ಚಿಕ್ಕದಿರಬೇಕು, ಆಡಳಿತ ಮಾಡುವವರಿಗೆ ಸಂಬಳವಿಲ್ಲ, ಒಬ್ಬ ಕೈಯೆತ್ತಿದರೆ ಉಳಿದವರೆಲ್ಲ ತಮ್ಮ ಆಸ್ತಿಯ ಮೇಲೆ ಹೊಣೆ. ಕೊನೆಯದು ಕೇಳಲು ಭಯಂಕರ. ಆದರೆ ಪೇಟೆಯ ಬ್ಯಾಂಕಿಗೆ ಗೊತ್ತಿಲ್ಲದ್ದು ಹಳ್ಳಿಗೆ ಗೊತ್ತಿತ್ತು. ಯಾರು ಕುಡಿಯುತ್ತಾನೆ, ಯಾರ ಹಸು ಗಬ್ಬವಾಗಿದೆ, ಯಾರ ಮಗ ದುಡಿಯುತ್ತಾನೆ ಎಂಬುದೆಲ್ಲ ಪಕ್ಕದ ಮನೆಯವನಿಗೆ ತಿಳಿದೇ ಇರುತ್ತದೆ. ಊರ ಚಾಡಿಮಾತನ್ನೇ ರೈಫೈಸನ್ ಲೆಕ್ಕದ ಪುಸ್ತಕಕ್ಕೆ ತಂದುಬಿಟ್ಟ ಎಂದರೆ ಅವನ ಅಭಿಮಾನಿಗಳು ಸಿಟ್ಟಾಗಬಹುದು, ಆದರೆ ನಡೆದದ್ದು ಅದೇ.

ಈ ಹಳ್ಳಿಯ ಪ್ರಯೋಗ ನಮ್ಮಲ್ಲಿಗೂ ಬಂತು. ಮದ್ರಾಸ್ ಸರ್ಕಾರ ಗ್ರಾಮೀಣ ಸಾಲದ ಸಮಸ್ಯೆಗೆ ಮದ್ದು ಹುಡುಕಲು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತ್ತು. 1895 ಮತ್ತು 1897ರಲ್ಲಿ ಬಂದ ಅವನ ವರದಿಯ ಸಂಪುಟಗಳು ರೈಫೈಸನ್ ಮಾದರಿಯನ್ನೇ ಎತ್ತಿ ಹಿಡಿದವು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಸಹಕಾರಿ ಚಳವಳಿಯ ಮೊದಲ ಸಂಘವೆಂದು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಅದನ್ನೇ. ವೆಸ್ಟರ್‌ವಾಲ್ಡ್‌ನ ಆಲೂಗಡ್ಡೆ ರೈತನಿಗೂ ಕಣಗಿನಹಾಳದ ಜೋಳದ ರೈತನಿಗೂ ಒಂದೇ ಬಗೆಯ ಸಂಕಟ ಇದ್ದಿತೆಂದ ಮೇಲೆ ಒಂದೇ ಮದ್ದು ನಾಟಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಮೇಯರ್ ಮುಂದೆ ನಿಂತ, ಇಲ್ಲಿ ಗೌಡರು ಮುಂದೆ ನಿಂತರು, ಅಷ್ಟೇ ವ್ಯತ್ಯಾಸ. 2016ರಲ್ಲಿ ಜರ್ಮನಿಯ ಕೋರಿಕೆಯ ಮೇಲೆ ಯುನೆಸ್ಕೊ ಈ ಸಹಕಾರಿ ಪದ್ಧತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸಂಘ ಕಟ್ಟುವುದು ಜರ್ಮನರಿಗೆ ಚಟ. ಏಳು ಜನ ಸೇರಿ ನಿಯಮಾವಳಿ ಬರೆದರೆ ನೋಂದಾಯಿತ ಸಂಘ. 1900ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆ ಹೇಳುವುದು ಇಷ್ಟೇ. ಇಂದು ದೇಶದಲ್ಲಿ ಅಂಥ ಸಂಘಗಳು ಆರು ಲಕ್ಷ ಮೀರಿವೆ. ಮುನ್ನೂರು ಮನೆಯ ಊರಲ್ಲೂ ಫುಟ್‌ಬಾಲ್ ಸಂಘ, ಹಾಡುವವರ ಸಂಘ, ಗುರಿಕಾರರ ಸಂಘ, ವಾದ್ಯದವರ ಸಂಘ, ಮೊಲ ಸಾಕುವವರ ಸಂಘ. ಪ್ರತಿಯೊಂದಕ್ಕೂ ಅಧ್ಯಕ್ಷ, ಖಜಾಂಚಿ, ನಡಾವಳಿ ಪುಸ್ತಕ, ವಾರ್ಷಿಕ ಸಭೆ. ಹೊರಗಿನವರು ನಗುತ್ತಾರೆ. ಆದರೆ ಪೇಟೆಗೆ ಕೆಲಸಕ್ಕೆ ಹೋಗಿ ರಾತ್ರಿ ಮಲಗಲು ಮಾತ್ರ ಬರುವ ಹೊಸಬನನ್ನು ಊರಿನವನನ್ನಾಗಿ ಮಾಡುವುದು ಈ ಸಂಘಗಳೇ.

ಇವುಗಳಲ್ಲಿ ಎಲ್ಲಕ್ಕಿಂತ ತೂಕದ್ದು ಸ್ವಯಂಸೇವಕ ಅಗ್ನಿಶಾಮಕ ದಳ. ಜರ್ಮನಿಯಲ್ಲಿ ಸಂಬಳದ ಅಗ್ನಿಶಾಮಕ ದಳ ಇರುವುದು ನೂರಕ್ಕೆ ಸ್ವಲ್ಪ ಹೆಚ್ಚು ಕಡೆ, ಬಹುಪಾಲು ದೊಡ್ಡ ನಗರಗಳಲ್ಲಿ. ಮಿಕ್ಕ ದೇಶವೆಲ್ಲ ನಿಂತಿರುವುದು ಹತ್ತು ಲಕ್ಷದಷ್ಟು ಸ್ವಯಂಸೇವಕರ ಮೇಲೆ. ಬೇಕರಿಯವನು, ಮೇಷ್ಟ್ರು, ಟ್ರ್ಯಾಕ್ಟರ್ ರಿಪೇರಿಯವನು ಎಲ್ಲರೂ ಸೊಂಟದ ಪೇಜರ್ ಕೂಗಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ದಳದ ಮನೆಯಲ್ಲಿ ಪ್ರತಿಯೊಬ್ಬರ ಹೆಸರಿನ ಕೊಕ್ಕೆ. ಅದರ ಮೇಲೆ ಕೋಟು, ಹೆಲ್ಮೆಟ್, ಕೆಳಗೆ ಬೂಟು, ಬೂಟಿನ ಮೇಲೆ ಒಳಗೆ ಕಾಲಿಟ್ಟು ಮೇಲೆಳೆದುಕೊಳ್ಳಲು ಸಿದ್ಧವಾಗಿ ಮಡಿಸಿಟ್ಟ ಪ್ಯಾಂಟು. ಬೆಂಕಿ ವರ್ಷಕ್ಕೆ ಒಂದೆರಡು ಬಾರಿ. ಉಳಿದ ದಿನ ಹೆದ್ದಾರಿಯ ಅಪಘಾತ, ನೆಲಮಾಳಿಗೆಗೆ ನುಗ್ಗಿದ ನೀರು, ಬಿರುಗಾಳಿಗೆ ಬಿದ್ದ ಮರ, ಆಮೇಲೆ ಊರಹಬ್ಬದ ಬೆಂಚು ಸಾಗಿಸುವುದು. ಊರಲ್ಲಿ ಯಾವುದೇ ಕೆಲಸವಾಗಬೇಕಾದರೂ ಮೊದಲು ದಳದವರನ್ನು ಕೇಳುತ್ತಾರೆ.

ಹಬ್ಬಗಳಿಗೂ ಇಂಥದೇ ಶಿಸ್ತು. ಬವೇರಿಯಾದಲ್ಲಿ ಮೇ 1ಕ್ಕೆ ಊರ ನಡುವೆ ನಿಲ್ಲಿಸುವ ಮೇ ಕಂಬವನ್ನು ಅದಕ್ಕೆ ಮೊದಲ ರಾತ್ರಿಗಳಲ್ಲಿ ಊರ ಹುಡುಗರು ಕಾಯಬೇಕು. ಏಕೆಂದರೆ ಪಕ್ಕದೂರಿನವರು ಅದನ್ನು ಕದಿಯಲು ಹೊಂಚುತ್ತಿರುತ್ತಾರೆ. ಕದಿಯುವುದಕ್ಕೂ ನಿಯಮವಿದೆ. ಕಂಬವನ್ನು ಗರಗಸದಿಂದ ಕೊಯ್ಯುವಂತಿಲ್ಲ, ನಿಲ್ಲಿಸಿದ ಕಂಬಕ್ಕೆ ಕೈ ಹಾಕುವಂತಿಲ್ಲ, ಊರ ಗಡಿಯೊಳಗೆ ಸಿಕ್ಕಿಬಿದ್ದರೆ ಬಿಟ್ಟು ಹೋಗಬೇಕು, ಪೊಲೀಸರನ್ನು ಕರೆಯುವಂತಿಲ್ಲ. ಹೊತ್ತುಕೊಂಡು ಹೋದರೆ ಬಿಡಿಸಿಕೊಳ್ಳಲು ಬಿಯರ್ ಮತ್ತು ಊಟದ ದಂಡ. ದಂಡದ ಚೌಕಾಸಿ ರಾತ್ರಿಯಿಡೀ ನಡೆಯುತ್ತದೆಂದರೆ ಅದೇ ಅರ್ಧ ಹಬ್ಬ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹೂಕುಂಡದ ರಾಗ ಹಾಡಿದಂತಾಗುತ್ತದೆ. 1932ರ ಜುಲೈ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಅರ್ಧಕ್ಕೂ ಹೆಚ್ಚು ಮತ ಕೊಟ್ಟದ್ದು ರೈತರ ಸೀಮೆಯಾದ ಶ್ಲೆಸ್ವಿಗ್-ಹೋಲ್‌ಸ್ಟೈನ್. ಬೆಲೆ ಕುಸಿದು, ಸಾಲಕ್ಕೆ ಜಮೀನು ಹರಾಜಾಗುತ್ತಿದ್ದ ಕಾಲ ಅದು. 1933ರ ನಂತರ ಹಾಡುವವರ ಸಂಘದಿಂದ ಸಹಕಾರ ಸಂಘದವರೆಗೆ ಎಲ್ಲವನ್ನೂ ಪಕ್ಷದ ಹಿಡಿತಕ್ಕೆ ತಂದರು, ಹೆಚ್ಚಿನ ಕಡೆ ದೊಡ್ಡ ತಕರಾರಿಲ್ಲದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಯಾರು ಯಹೂದಿ ಎಂದು ಯಾರೂ ಹುಡುಕಬೇಕಾಗಿರಲಿಲ್ಲ.

ನೈಋತ್ಯದ ರೆಕ್ಸಿಂಗನ್ ಇದಕ್ಕೆ ಸಾಕ್ಷಿ. ಶತಮಾನಗಳಿಂದ ಅಲ್ಲಿ ಕ್ಯಾಥೊಲಿಕರ ಜೊತೆ ದನದ ವ್ಯಾಪಾರ ಮಾಡಿಕೊಂಡಿದ್ದ ದೊಡ್ಡ ಯಹೂದಿ ಸಮುದಾಯವಿತ್ತು. ನಾತ್ಸಿಗಳ ಕಾಲದಲ್ಲಿ ಅವರಲ್ಲಿ ಒಂದು ಗುಂಪು ಒಟ್ಟಾಗಿಯೇ ಊರು ಬಿಡಲು ನಿರ್ಧರಿಸಿತು. 1938ರಲ್ಲಿ ಅವರು ಪ್ಯಾಲೆಸ್ಟೈನ್ ಕರಾವಳಿಯಲ್ಲಿ ಶಾವೇ ಝಿಯೋನ್ ಎಂಬ ಸಹಕಾರಿ ಹಳ್ಳಿ ಕಟ್ಟಿದರು. ಊರಲ್ಲೇ ಉಳಿದವರನ್ನು 1941ರಿಂದ ಪೂರ್ವಕ್ಕೆ ಸಾಗಿಸಿ ಕೊಂದರು. ರೆಕ್ಸಿಂಗನ್‌ನ ಸಿನಗಾಗ್ ಈಗ ಪ್ರೊಟೆಸ್ಟಂಟರ ಚರ್ಚು. ಆ ಊರಿನ ಪಾಲಿಗೆ ಒಗ್ಗಟ್ಟು ಎಂಬುದು ಯಾರನ್ನು ಒಳಗಿಟ್ಟಿತು, ಯಾರನ್ನು ಹೊರಗೆ ದಬ್ಬಿತು ಎಂದು ಕೇಳದೆ ಹಳ್ಳಿಯ ಸಂಘಜೀವನದ ಗುಣಗಾನ ಮಾಡುವುದು ಕಷ್ಟ.

ಯುದ್ಧ ಮುಗಿದಾಗ ಹಳ್ಳಿಗಳಿಗೆ ಇನ್ನೊಂದು ಅಲೆ ಬಂತು. ಪೂರ್ವದಿಂದ ಓಡಿಸಲ್ಪಟ್ಟ ಸುಮಾರು 1 ಕೋಟಿ 20 ಲಕ್ಷ ಜರ್ಮನರಿಗೆ ಬಾಂಬು ಬಿದ್ದ ಪಟ್ಟಣಗಳಲ್ಲಿ ಜಾಗವಿರಲಿಲ್ಲ. ಹಳ್ಳಿಯ ಅಟ್ಟ, ಕೊಟ್ಟಿಗೆಗಳಲ್ಲಿ ಇರಿಸಿದರು. ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಜನಸಂಖ್ಯೆ 1939ರಲ್ಲಿ 16 ಲಕ್ಷವಿದ್ದದ್ದು ಹತ್ತು ವರ್ಷದಲ್ಲಿ 27 ಲಕ್ಷವಾಯಿತು. ಬೇರೆ ಆಡುಮಾತು, ಬೇರೆ ಪಂಥ, ಕೈಯಲ್ಲೊಂದು ಪೆಟ್ಟಿಗೆ. ಮೊದಲ ವರ್ಷಗಳಲ್ಲಿ ಯಾರೂ ಅವರನ್ನು ಬಾಯ್ತುಂಬ ಸ್ವಾಗತಿಸಲಿಲ್ಲ. ಆದರೂ ಒಂದು ತಲೆಮಾರಿಗೆ ಬೆರೆತುಹೋದರು. ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಜನ ಬೇಕಿತ್ತಲ್ಲ!

ಈಗ ಮೋಡ್ಲಾರಾಯ್ಟ್. 1945ರಲ್ಲಿ ಗೆದ್ದ ರಾಷ್ಟ್ರಗಳು ಜರ್ಮನಿಯನ್ನು ಹಂಚಿಕೊಂಡಾಗ 1810ರ ಅದೇ ಕಲ್ಲುಗಳು ಸೋವಿಯತ್ ವಲಯಕ್ಕೂ ಅಮೆರಿಕನ್ ವಲಯಕ್ಕೂ ಗಡಿಯಾದವು. 1949ರಲ್ಲಿ ಎರಡು ದೇಶಗಳ ಗಡಿಯಾದವು. ಮೊದಮೊದಲು ಪಾಸ್ ಹಿಡಿದು ದಾಟಬಹುದಿತ್ತು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. 1952ರ ಮೇ 26ರಂದು ಪೂರ್ವ ಜರ್ಮನಿ ಗಡಿಯನ್ನು ಮುಚ್ಚಿತು. ಗಡಿಗುಂಟ 10 ಮೀಟರ್ ಅಗಲಕ್ಕೆ ಉತ್ತ ಪಟ್ಟಿ, ಅದರ ಹಿಂದೆ 500 ಮೀಟರ್ ಕಾವಲು ಪಟ್ಟಿ, ಅದರ ಹಿಂದೆ 5 ಕಿಲೋಮೀಟರ್ ನಿರ್ಬಂಧಿತ ವಲಯ. ಜೂನ್‌ನಲ್ಲಿ ನಂಬಿಕೆಗೆ ಅರ್ಹರಲ್ಲ ಎಂದು ಗುರುತಿಸಿದ ಕುಟುಂಬಗಳನ್ನು ಸಾಮಾನು ಸಮೇತ ಲಾರಿಗೆ ತುಂಬಿ ಒಳನಾಡಿಗೆ ಸಾಗಿಸಿದರು. ಈ ಕಾರ್ಯಾಚರಣೆಗೆ ಅಧಿಕಾರಿಗಳು ಇಟ್ಟುಕೊಂಡ ಹೆಸರು ‘ಕ್ರಿಮಿಕೀಟ’. ಇಡೀ ಗಡಿಯ ಉದ್ದಕ್ಕೂ 1952 ಮತ್ತು 1961ರಲ್ಲಿ ಹೀಗೆ ಎತ್ತಂಗಡಿಯಾದವರು 11,000ಕ್ಕೂ ಹೆಚ್ಚು.

ಊರಿನಲ್ಲಿ ಮೊದಲು ಎದ್ದದ್ದು ಹಲಗೆ ಬೇಲಿ, ಆಮೇಲೆ ಮುಳ್ಳುತಂತಿ. 1966ರಲ್ಲಿ 700 ಮೀಟರ್ ಉದ್ದದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ಅಮೆರಿಕನ್ ಸೈನಿಕರು ಈ ಊರನ್ನು ‘ಪುಟ್ಟ ಬರ್ಲಿನ್’ ಎಂದು ಕರೆದರು. ರಾತ್ರಿಯೆಲ್ಲ ದೀಪದ ಸಾಲು, ಕಾವಲು ಗೋಪುರ, ನಾಯಿ. ಪೂರ್ವ ಬದಿಯವರು ತಮ್ಮ ಮನೆಗೆ ಹೋಗಲೂ ಪಾಸ್ ತೋರಿಸಬೇಕು, ಮದುವೆಗೆ ನೆಂಟರನ್ನು ಕರೆಯಲು ಅನುಮತಿ ಬೇಕು, ಅದು ಹೆಚ್ಚಾಗಿ ಸಿಗುತ್ತಿರಲಿಲ್ಲ. ಪಶ್ಚಿಮದವರು ಗೋಡೆಯಾಚೆಯಿಂದ ಕೈ ಬೀಸಬಹುದಿತ್ತು. ಪೂರ್ವದವರು ಮರಳಿ ಕೈ ಬೀಸುವಂತಿರಲಿಲ್ಲ. ತೊರೆಯ ಆಚೆ ಇದ್ದ ಅಣ್ಣನ ಮನೆಯ ಹೊಗೆಗೂಡಿನ ಹೊಗೆ ನೋಡಿಯೇ ಅವನ ಕ್ಷೇಮ ತಿಳಿಯಬೇಕು. ಇಷ್ಟು ಕಾವಲಿದ್ದೂ ಒಬ್ಬ ದಾಟಿದ. 1973ರ ಮೇ ತಿಂಗಳ ಒಂದು ರಾತ್ರಿ, ಕಾವಲು ಪಟ್ಟಿಯೊಳಗೆ ಬರಲು ಪರವಾನಗಿ ಇದ್ದ ಒಬ್ಬ ಚಾಲಕ ತನ್ನ ವ್ಯಾನನ್ನು ಗೋಡೆಯ ಹತ್ತಿರ ತಂದು, ಏಣಿ ಹಾಕಿ ಹಾರಿಬಿಟ್ಟ. ಗೋಡೆ ಎದ್ದ ಮೇಲೆ ಊರಲ್ಲಿ ಹಾಗೆ ಯಶಸ್ವಿಯಾದವನು ಅವನೊಬ್ಬನೇ.

1989ರ ನವೆಂಬರ್ 9ರಂದು ಬರ್ಲಿನ್‌ನಲ್ಲಿ ಗೋಡೆ ತೆರೆಯಿತು. ಮೋಡ್ಲಾರಾಯ್ಟ್ ಇನ್ನೊಂದು ತಿಂಗಳು ಕಾದಿತು. ಡಿಸೆಂಬರ್ 9ರಂದು ಕಾಲ್ದಾರಿ ತೆರೆದರು. 1990ರ ಜೂನ್ 17ರಂದು ಜೆಸಿಬಿಯಂಥ ಯಂತ್ರ ತಂದು ಗೋಡೆ ಕೆಡವಿದರು. ನೂರು ಮೀಟರಿನಷ್ಟನ್ನು ಮಾತ್ರ ಹಾಗೇ ಬಿಟ್ಟು, ಅದೇ ವರ್ಷ ಅದರ ಸುತ್ತ ವಸ್ತುಸಂಗ್ರಹಾಲಯ ಶುರುಮಾಡಿದರು. ಹಾಗಾದರೆ ಊರು ಒಂದಾಯಿತೇ? ಕಾಗದದ ಮೇಲೆ ಇಲ್ಲ. ಒಂದು ಬದಿ ಇಂದಿಗೂ ಬವೇರಿಯಾದ ಟ್ಯೋಪನ್ ಪಂಚಾಯಿತಿಗೆ, ಇನ್ನೊಂದು ಬದಿ ಥುರಿಂಗಿಯಾದ ಗೆಫೆಲ್‌ಗೆ ಸೇರಿದೆ. ಎರಡು ಪಿನ್‌ಕೋಡು, ಎರಡು ಬಗೆಯ ಕಾರಿನ ನಂಬರು, ಇಬ್ಬರು ಮೇಯರ್. ಜನವರಿ 6ಕ್ಕೆ ಬವೇರಿಯಾ ಬದಿಗೆ ರಜೆ, ಸೆಪ್ಟೆಂಬರ್ 20ಕ್ಕೆ ಥುರಿಂಗಿಯಾ ಬದಿಗೆ. ಎದುರಾದಾಗ ಮಾಡುವ ನಮಸ್ಕಾರದ ಮಾತೂ ಬೇರೆ. ಊರವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಕಾಣುವುದಿಲ್ಲ. ಊರಹಬ್ಬ ಒಟ್ಟಿಗೇ ಮಾಡುತ್ತಾರೆ. 1810ರಿಂದ ಗಡಿಯ ಜೊತೆ ಬಾಳುವುದನ್ನು ಕಲಿತವರು. ಅವರನ್ನು ಕಾಡಿದ್ದು ಗಡಿಯಲ್ಲ, ಅದನ್ನು ದಾಟಬಾರದೆಂದು ಎಲ್ಲೋ ದೂರದಲ್ಲಿ ಕುಳಿತು ಮಾಡಿದ ತೀರ್ಮಾನ.

ದೂರದಲ್ಲಿ ಕುಳಿತು ತೀರ್ಮಾನ ಮಾಡುವ ರೋಗ ಪಶ್ಚಿಮದ ಪ್ರಜಾಪ್ರಭುತ್ವದಲ್ಲೂ ಇತ್ತು, ಮುಳ್ಳುತಂತಿ ಇಲ್ಲದೆ. 1960ರ ದಶಕದ ಕೊನೆಯಿಂದ 1978ರವರೆಗೆ ಪಶ್ಚಿಮ ಜರ್ಮನಿ ತನ್ನ ಸುಮಾರು 24,000 ಸ್ಥಳೀಯ ಸಂಸ್ಥೆಗಳನ್ನು ಕೂಡಿಸಿ ಸುಮಾರು 8,500ಕ್ಕೆ ಇಳಿಸಿತು. ಆಡಳಿತ ಅಗ್ಗವಾಗುತ್ತದೆ, ದಕ್ಷವಾಗುತ್ತದೆ ಎಂಬ ವಾದ. ಫ್ರಾಂಕೋನಿಯಾದ ಎರ್ಮರ್ಸ್‌ಹೌಸನ್ ಒಪ್ಪಲಿಲ್ಲ. ಪಕ್ಕದ ಮಾರೋಲ್ಡ್ಸ್‌ವೈಸಾಖ್‌ಗೆ ಸೇರಿಸಿದ್ದನ್ನು ಪ್ರತಿಭಟಿಸಿ ಊರವರು ತಮ್ಮ ಪಂಚಾಯಿತಿ ಕಚೇರಿಯನ್ನು ಕಾಯುತ್ತ ಕುಳಿತರು. 1978ರ ಮೇ ತಿಂಗಳಲ್ಲಿ ಬೆಳಗಿನ ಜಾವ ನೂರಾರು ಪೊಲೀಸರು ನುಗ್ಗಿ ಕಡತಗಳನ್ನು ಹೊತ್ತೊಯ್ದರು. ಸಾವಿರವೂ ತುಂಬದ ಊರೊಂದರ ಕಡತಕ್ಕೆ ಇಷ್ಟು ಪೊಲೀಸರೇ ಎಂದು ದೇಶ ಬೆರಗಾಯಿತು. ಊರು ಹಟ ಬಿಡಲಿಲ್ಲ. 1994ರ ಜನವರಿ 1ರಂದು ಅದಕ್ಕೆ ಮತ್ತೆ ತನ್ನದೇ ಪಂಚಾಯಿತಿ ಸಿಕ್ಕಿತು. ಹಾಗೆ ಮರಳಿ ಪಡೆದ ಊರುಗಳು ಕಡಿಮೆ. ಮಿಕ್ಕವಕ್ಕೆ ಸ್ವಂತ ನಿಧಿಯಿಲ್ಲದ, ಗೌರವಧನದ ಊರ ಪ್ರತಿನಿಧಿಯೊಬ್ಬ ಉಳಿದ. ಬೀದಿದೀಪ ಕೆಟ್ಟರೆ ಅವನಿಗೆ ಹೇಳಬಹುದು. ಅವನು ಇನ್ನೊಬ್ಬರಿಗೆ ಹೇಳುತ್ತಾನೆ.

ಊರಿನವನು ಎಂದರೆ ಯಾರು ಎಂಬ ಜಗಳ ಬೇಕಾದರೆ ಒಬರಾಮರ್‌ಗೌಗೆ ಹೋಗಬೇಕು. ಸುಮಾರು 5,000 ಜನರ ಈ ಬವೇರಿಯಾದ ಊರು 1633ರ ಪ್ಲೇಗಿನಲ್ಲಿ ಹೊತ್ತ ಹರಕೆಯಂತೆ 1634ರಿಂದ ಯೇಸುವಿನ ಯಾತನೆಯ ನಾಟಕ ಆಡುತ್ತ ಬಂದಿದೆ, ಈಗ ಹತ್ತು ವರ್ಷಕ್ಕೊಮ್ಮೆ. ವೇದಿಕೆ ಹತ್ತಬೇಕಾದರೆ ಊರಲ್ಲೇ ಹುಟ್ಟಿರಬೇಕು ಅಥವಾ 20 ವರ್ಷ ಅಲ್ಲಿ ಬಾಳಿರಬೇಕು. ಮದುವೆಯಾದ ಹೆಂಗಸರಿಗೂ 35 ದಾಟಿದ ಹೆಂಗಸರಿಗೂ 1990ರವರೆಗೆ ಪ್ರವೇಶವಿರಲಿಲ್ಲ. ಊರ ಹೆಂಗಸರೇ ಕೋರ್ಟಿಗೆ ಹೋಗಿ ಅದನ್ನು ಮುರಿದರು. ಯಹೂದಿಗಳನ್ನು ಹೀನಾಯವಾಗಿ ತೋರಿಸುತ್ತಿದ್ದ ಪಠ್ಯವನ್ನು ನಿರ್ದೇಶಕ ಕ್ರಿಸ್ಟಿಯಾನ್ ಶ್ಟ್ಯುಕ್ಲ್ ಪ್ರತಿ ಬಾರಿಯೂ ತಿದ್ದುತ್ತ ಬಂದ. ಕೊರೊನಾದಿಂದ 2022ಕ್ಕೆ ಮುಂದೂಡಿದ ಪ್ರದರ್ಶನದಲ್ಲಿ ಜೂದಾಸನ ಪಾತ್ರ ಮಾಡಿದ್ದು ಟರ್ಕಿ ಮೂಲದ ಮುಸ್ಲಿಂ ಯುವಕ. ಹರಕೆ ಹಳೆಯದು, ಅದನ್ನು ಹೇಗೆ ತೀರಿಸಬೇಕೆಂಬುದನ್ನು ಊರು ಪ್ರತಿ ಹತ್ತು ವರ್ಷಕ್ಕೊಮ್ಮೆ ಕಚ್ಚಾಡಿಕೊಂಡೇ ತೀರ್ಮಾನಿಸುತ್ತದೆ.

ಇತ್ತೀಚಿನ ದೊಡ್ಡ ಪ್ರಶ್ನೆ ಶಕ್ತಿಯದು. ಕಂದು ಕಲ್ಲಿದ್ದಲಿನ ಗಣಿಗಳಿಗಾಗಿ ಜರ್ಮನಿಯಲ್ಲಿ ಸುಮಾರು 300 ಊರುಗಳು ಅಳಿದಿವೆ, 1 ಲಕ್ಷಕ್ಕೂ ಹೆಚ್ಚು ಜನ ಎದ್ದು ಹೋಗಿದ್ದಾರೆ. ಪೂರ್ವದಲ್ಲಿ ಸೋರ್ಬ್ ಎಂಬ ಅಲ್ಪಸಂಖ್ಯಾತರ ಸೀಮೆಯ ಹೋರ್ನೋ ಊರನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಡವಿದರು. ಪಶ್ಚಿಮದ ಲ್ಯೂಟ್ಸರಾಟ್‌ನಿಂದ 2023ರ ಜನವರಿಯಲ್ಲಿ ಪೊಲೀಸರು ಹೋರಾಟಗಾರರನ್ನು ಎಳೆದು ಹಾಕಿದ್ದನ್ನು ಜಗತ್ತೇ ನೋಡಿತು. ದೇಶದ ದೀಪಕ್ಕಾಗಿ ಊರು ಆರಿಹೋಗಬೇಕು ಎಂಬ ಹಳೆಯ ಲೆಕ್ಕ ಅದು.

ಗ್ಯೋಟಿಂಗನ್ ಬಳಿಯ ಯೂಂಡೆ ಬೇರೆ ಲೆಕ್ಕ ಹಾಕಿತು. ಏಳುನೂರು ಚಿಲ್ಲರೆ ಜನರ ಆ ಊರು ಅಲ್ಲಿನ ವಿಶ್ವವಿದ್ಯಾಲಯದ ನೆರವಿನಿಂದ 2005ರಲ್ಲಿ ದೇಶದ ಮೊದಲ ಜೈವಿಕ ಶಕ್ತಿ ಗ್ರಾಮವಾಯಿತು. ಸಗಣಿ, ಗಂಜಲ, ಮೇವಿನ ಬೆಳೆ ಹಾಕಿ ಅನಿಲ ತೆಗೆದು ವಿದ್ಯುತ್ ಮಾಡುವುದು, ಆ ಯಂತ್ರದ ಬಿಸಿಯಿಂದ ನೀರು ಕಾಯಿಸಿ ಕೊಳವೆಯಲ್ಲಿ ಮನೆಮನೆಗೆ ಹರಿಸುವುದು, ಕಡು ಚಳಿಯಲ್ಲಿ ಮರದ ಚಕ್ಕೆಯ ಒಲೆಯನ್ನೂ ಜೊತೆಗೆ ಹಚ್ಚುವುದು. ಊರಿನ ಹತ್ತರಲ್ಲಿ ಏಳು ಮನೆಗಳು ತಮ್ಮ ಎಣ್ಣೆ ಬಾಯ್ಲರ್ ಕಿತ್ತು ಈ ಕೊಳವೆಗೆ ಸೇರಿದವು. ನಡೆಸಿದ್ದು ಊರ ಸಹಕಾರ ಸಂಘ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ರೈಫೈಸನ್ ನೋಡಿದ್ದರೆ ಯಂತ್ರ ಅರ್ಥವಾಗದಿದ್ದರೂ ಸಭೆ ಅರ್ಥವಾಗುತ್ತಿತ್ತು.

ಬರ್ಲಿನ್‌ನ ನೈಋತ್ಯಕ್ಕಿರುವ ಫೆಲ್ಡ್‌ಹೈಮ್‌ನಲ್ಲಿ ಸುಮಾರು 130 ಜನ. ಪೂರ್ವ ಜರ್ಮನಿ 1960ರ ಹೊತ್ತಿಗೆ ರೈತರ ಹೊಲಗಳನ್ನೆಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿಸಿತ್ತು. ಆ ಬಲವಂತದ ಒಕ್ಕೂಟದ ಜಾಗದಲ್ಲೇ ಇಂದಿನ ಕೃಷಿ ಸಹಕಾರ ಸಂಘ ನಿಂತಿದೆ. 1995ರಿಂದ ಬಯಲಿನಲ್ಲಿ ಗಾಳಿಯಂತ್ರಗಳು ಎದ್ದವು, ಈಗ ಐವತ್ತಕ್ಕೂ ಹೆಚ್ಚು. ಕಣ್ಣೆದುರೇ ತಯಾರಾಗುವ ಕರೆಂಟನ್ನು ನೇರ ಪಡೆಯಲು ಹೊರಟಾಗ ಜಾಲದ ಒಡೆತನದ ಕಂಪನಿ ತನ್ನ ತಂತಿ ಕೊಡಲಿಲ್ಲ. ಹಾಗಿದ್ದರೆ ನಮ್ಮದೇ ತಂತಿ ಎಳೆಯೋಣ ಎಂದು ಊರು ತೀರ್ಮಾನಿಸಿತು. ಮನೆಗೆ 3,000 ಯೂರೊ ಹಾಕಿದರು, ಸರ್ಕಾರದ ಸಹಾಯಧನವೂ ಬಂತು, 2010ರಲ್ಲಿ ಸ್ವಂತ ಜಾಲ ಜೀವ ತಳೆಯಿತು. ದೇಶದ ಸರಾಸರಿಗಿಂತ ಬಹಳ ಕಡಿಮೆ ದರದಲ್ಲಿ ಅವರಿಗೆ ಕರೆಂಟು ಸಿಗುತ್ತದೆ. ಎಲ್ಲ ಊರುಗಳೂ ಗಾಳಿಯಂತ್ರವನ್ನು ಹೀಗೆ ಅಪ್ಪಿಕೊಂಡಿಲ್ಲ. ಬವೇರಿಯಾ 2014ರಲ್ಲಿ ಯಂತ್ರದ ಎತ್ತರದ ಹತ್ತುಪಟ್ಟು ದೂರದೊಳಗೆ ಮನೆ ಇರಬಾರದೆಂಬ ನಿಯಮ ತಂದು ಹೊಸ ಯಂತ್ರಗಳನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟಿತು. ಲಾಭ ಹೊರಗಿನ ಕಂಪನಿಗೆ, ನೆರಳು ಮತ್ತು ಸದ್ದು ಊರಿಗೆ ಎಂದಾದಾಗ ತಕರಾರು ಬಾರದೆ ಏನು? ಜೈವಿಕ ಅನಿಲದ ಊರುಗಳಿಗೂ ಈಗ ಪರೀಕ್ಷೆಯ ಕಾಲ. 2000ದ ಕಾಯ್ದೆ ವಿದ್ಯುತ್ತಿಗೆ ನಿಗದಿತ ಬೆಲೆ ಖಾತರಿ ಮಾಡಿದ್ದು 20 ವರ್ಷಕ್ಕೆ; ಮೊದಲ ಸ್ಥಾವರಗಳಿಗೆ ಆ ಅವಧಿ ಆಗಲೇ ಮುಗಿದಿದೆ.

ಉಳಿದ ಊರುಗಳು ಸಣ್ಣ ಸಣ್ಣ ಉಪಾಯಗಳಲ್ಲಿ ತೊಡಗಿವೆ. ಮುಚ್ಚಿದ ಅಂಗಡಿಯನ್ನು ಊರವರೇ ಷೇರು ಹಾಕಿ ತೆರೆಯುತ್ತಾರೆ. ಅಂಚೆ, ಕಾಫಿ, ಬ್ರೆಡ್, ಹರಟೆ ಎಲ್ಲ ಅಲ್ಲೇ. ಐಫೆಲ್ ಗುಡ್ಡಗಳ ಶ್ಪೈಷರ್‌ನಲ್ಲಿ 2014ರಲ್ಲಿ ರಸ್ತೆ ಬದಿಗೆ ಒಂದು ಬೆಂಚು ಹಾಕಿದರು. ಯಾವ ಊರಿಗೆ ಹೋಗಬೇಕೆಂಬ ಫಲಕ ತಿರುಗಿಸಿ ಅದರ ಮೇಲೆ ಕುಳಿತರೆ, ಆ ಕಡೆ ಹೋಗುವ ಕಾರಿನವರು ಹತ್ತಿಸಿಕೊಳ್ಳುತ್ತಾರೆ. ಬಸ್ಸು ಬಾರದ ಎಷ್ಟೋ ಊರುಗಳು ಈಗ ಆ ಬೆಂಚನ್ನು ನಕಲು ಮಾಡಿವೆ.

ಅಗ್ನಿಶಾಮಕ ದಳದ ತೊಡಕಿಗೆ ಮಾತ್ರ ಬೆಂಚಿನಂಥ ಸುಲಭ ಉಪಾಯವಿಲ್ಲ. ರಾತ್ರಿ ಸೈರನ್ ಕೂಗಿದರೆ ಜನ ಸಿಗುತ್ತಾರೆ. ಬೆಳಗ್ಗೆ ಹತ್ತಕ್ಕೆ ಕೂಗಿದರೆ ದುಡಿಯುವ ವಯಸ್ಸಿನವರೆಲ್ಲ ನಲವತ್ತು ಕಿಲೋಮೀಟರ್ ದೂರದ ಕಚೇರಿ, ಕಾರ್ಖಾನೆಗಳಲ್ಲಿ. ಸಾಕಷ್ಟು ಸ್ವಯಂಸೇವಕರು ಸಿಗದಿದ್ದರೆ ಊರವರನ್ನು ಕಡ್ಡಾಯವಾಗಿ ದಳಕ್ಕೆ ಸೇರಿಸಿಕೊಳ್ಳುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಕಾನೂನಿನಲ್ಲಿದೆ, ಕೆಲವು ಕಡೆ ಬಳಸಿದ್ದೂ ಉಂಟು. ಅದಕ್ಕಿಂತ ಹೆಚ್ಚಾಗಿ ಎರಡು ದಳಗಳ ಸದಸ್ಯತ್ವ ಕೊಡುತ್ತಾರೆ. ಹಗಲು ಕೆಲಸದ ಊರಿನ ದಳ, ರಾತ್ರಿ ಸ್ವಂತ ಊರಿನ ದಳ, ಎರಡು ಕಡೆಯೂ ಅವನ ಹೆಸರಿನ ಕೊಕ್ಕೆ, ಎರಡು ಕಡೆಯೂ ಅವನ ಅಳತೆಯ ಬೂಟು.